550–0: ಮಿಷಿಗನ್ ತಂಡದ 1901ರ ಸೀಸನ್ ಮತ್ತೆ ಜೋಡಿಸಿದ ಬಗೆ

ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ತಂಡ 1901ರಲ್ಲಿ 11 ಪಂದ್ಯ ಆಡಿ 11ನ್ನೂ ಗೆದ್ದಿತು. ಗಳಿಸಿದ ಅಂಕ 550, ಬಿಟ್ಟುಕೊಟ್ಟದ್ದು ಸೊನ್ನೆ. ಅಮೆರಿಕದ ಕಾಲೇಜು ಫುಟ್‌ಬಾಲ್ ಹಿಂಬಾಲಿಸುವವರಿಗೆ ಈ ಸಾಲು ಬಾಯಿಪಾಠ. ಆದರೆ ಆ 550 ಹೇಗೆ ಬಂತು, ಎಷ್ಟು ನಿಮಿಷದಲ್ಲಿ ಬಂತು, ಯಾರ ಕಾಲಿನಿಂದ ಎಷ್ಟು, ಯಾರ ಕೈಯಿಂದ ಎಷ್ಟು ಎಂದು ಕೇಳಿದರೆ ಬಾಯಿಪಾಠ ಅಲ್ಲಿಗೇ ನಿಲ್ಲುತ್ತದೆ. ಆ ಸೀಸನ್ನನ್ನು ಪಂದ್ಯ ಪಂದ್ಯವಾಗಿ ಜೋಡಿಸಲು ಕೂತಾಗ ಏನೇನು ಮಾಡಬೇಕಾಗುತ್ತದೆ, ಲೆಕ್ಕ ಎಲ್ಲಿ ಜಾರುತ್ತದೆ, ಏಕೆ ಜಾರುತ್ತದೆ ಎಂಬುದಷ್ಟೇ ಈ ಬರಹ.

ಮೊದಲ ಕೆಲಸ ಪತ್ರಿಕೆ ತೆರೆಯುವುದಲ್ಲ, ನಿಯಮ ಓದುವುದು. ಆಸ್ಟ್ರೇಲಿಯದಲ್ಲಿ ಒಂದು ಕಾಲಕ್ಕೆ ಓವರಿಗೆ ಎಂಟು ಎಸೆತ ಇತ್ತೆಂದು ಗೊತ್ತಿಲ್ಲದೆ ಅಲ್ಲಿನ ಹಳೆಯ ಕ್ರಿಕೆಟ್ ಸ್ಕೋರ್ ಕಾರ್ಡ್ ಓದಿದರೆ ಏನಾಗುತ್ತದೋ, ಇಂದಿನ ನಿಯಮ ತಲೆಯಲ್ಲಿಟ್ಟುಕೊಂಡು 1901ರ ಫುಟ್‌ಬಾಲ್ ವರದಿ ಓದಿದರೂ ಅದೇ ಆಗುತ್ತದೆ. ಪ್ರತಿ ಸಂಖ್ಯೆಯೂ ಅರ್ಥವಾದಂತೆ ಕಾಣುತ್ತದೆ, ಪ್ರತಿಯೊಂದೂ ತಪ್ಪಾಗಿರುತ್ತದೆ.

ಆ ವರ್ಷ ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಗೋಲು ಗೆರೆಯಾಚೆ ಒಯ್ದು ನೆಲಕ್ಕೆ ಮುಟ್ಟಿಸುವುದಕ್ಕೆ, 5 ಅಂಕ. ಅದರ ನಂತರ ಚೆಂಡನ್ನು ಗೋಲು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಒದೆಯುವ ಗೋಲಿಗೆ 1. ಆಟದ ನಡುವೆ ಒದ್ದ ಫೀಲ್ಡ್ ಗೋಲಿಗೂ 5, ಅಂದರೆ ಟಚ್‌ಡೌನ್‌ನಷ್ಟೇ ಬೆಲೆ. ಸೇಫ್ಟಿಗೆ, ಅಂದರೆ ಎದುರಾಳಿ ತನ್ನದೇ ಗೋಲು ಗೆರೆಯಾಚೆ ಚೆಂಡಿನೊಡನೆ ಸಿಕ್ಕಿಬಿದ್ದರೆ, 2. ಫೀಲ್ಡ್ ಗೋಲು 1904ರಲ್ಲಿ 4ಕ್ಕೆ, 1909ರಲ್ಲಿ 3ಕ್ಕೆ ಇಳಿಯಿತು. ಟಚ್‌ಡೌನ್ 6 ಆದದ್ದು 1912ರಲ್ಲಿ. ಆದ್ದರಿಂದ 1901ರ ಅಂಕಪಟ್ಟಿಯನ್ನು 1905ರದರ ಪಕ್ಕದಲ್ಲಿ ಇಡುವಾಗಲೂ ಎಚ್ಚರ ಬೇಕು. ನಾಲ್ಕೇ ವರ್ಷದ ಅಂತರ, ಆದರೂ ಒಂದೇ ಒದೆತಕ್ಕೆ ಒಂದು ಅಂಕ ಕಡಿಮೆ.

ಮೈದಾನದ ಉದ್ದ 110 ಗಜ, ಅಗಲ 160 ಅಡಿ. ಐದೈದು ಗಜಕ್ಕೆ ಅಡ್ಡಗೆರೆ. ನಡುಗೆರೆ 50 ಗಜದ್ದಲ್ಲ, 55 ಗಜದ್ದು. ವರದಿಯಲ್ಲಿ ‘55 ಗಜದ ಗೆರೆಯಿಂದ ಆಟ ಶುರುವಾಯಿತು’ ಎಂದಿದ್ದರೆ ಅಚ್ಚಿನ ತಪ್ಪೆಂದು ತಿದ್ದಬಾರದು. ನೂರು ಗಜಕ್ಕೂ ಹೆಚ್ಚು ದೂರ ಓಡಿ ಟಚ್‌ಡೌನ್ ಮಾಡಿದನೆಂದು ಬರೆದಿದ್ದರೂ ಅಷ್ಟಕ್ಕೇ ಅದನ್ನು ಉತ್ಪ್ರೇಕ್ಷೆ ಎಂದು ತಳ್ಳಿಹಾಕುವಂತಿಲ್ಲ, ಅಷ್ಟು ಜಾಗ ನಿಜಕ್ಕೂ ಇತ್ತು. ಗೋಲು ಕಂಬಗಳು ನೆಟ್ಟಿದ್ದದ್ದು ಗೋಲು ಗೆರೆಯ ಮೇಲೆಯೇ. ಕಂಬಗಳ ನಡುವೆ 18 ಅಡಿ 6 ಅಂಗುಲ, ಅಡ್ಡಪಟ್ಟಿ ನೆಲದಿಂದ 10 ಅಡಿ ಎತ್ತರ.

ಮೂರು ಪ್ರಯತ್ನದಲ್ಲಿ 5 ಗಜ ಮುಂದೆ ಹೋಗಬೇಕು. ಹೋಗದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಫಾರ್ವರ್ಡ್ ಪಾಸ್‌ಗೆ ಒಪ್ಪಿಗೆ ಸಿಕ್ಕಿದ್ದು 1906ರಲ್ಲಿ. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು, ಎರಡು ತಂಡಗಳು ಎದುರುಬದುರು ನಿಲ್ಲುವ ಗೆರೆಯನ್ನು ತಾನೇ ದಾಟಿ ಓಡುವಂತೆಯೂ ಇರಲಿಲ್ಲ, ಬೇರೆಯವನಿಗೆ ಕೊಡಬೇಕು. ಇಂದು ಕ್ವಾರ್ಟರ್‌ಬ್ಯಾಕ್ ಎಂದರೆ ತಂಡದ ನಾಯಕನಟ. ಅಂದು ಆತ ಸಂಕೇತ ಕೂಗಿ ಚೆಂಡು ಹಂಚುವವನು. ಓಡುವವನನ್ನು ಜೊತೆಯವರು ಹಿಂದಿನಿಂದ ತಳ್ಳಬಹುದಿತ್ತು, ಕೈ ಹಿಡಿದು ಎಳೆಯಬಹುದಿತ್ತು. ಹಾಗಾಗಿ ಗೆರೆಯಲ್ಲಿ ನಿಲ್ಲುವ ದಪ್ಪ ಮೈಯ ಟ್ಯಾಕಲ್ ಆಟಗಾರನನ್ನು ಹಿಂದಕ್ಕೆ ಕರೆಸಿ, ಅವನ ಕೈಗೆ ಚೆಂಡು ಕೊಟ್ಟು, ಉಳಿದವರೆಲ್ಲ ಸೇರಿ ನೂಕುವುದು ಸಾಮಾನ್ಯ ತಂತ್ರ. ಅಂಕಪಟ್ಟಿಯಲ್ಲಿ ಟ್ಯಾಕಲ್ ಒಬ್ಬನ ಹೆಸರಿನ ಮುಂದೆ ಟಚ್‌ಡೌನ್ ಕಂಡರೆ ಹೆಸರು ಅದಲುಬದಲಾಗಿದೆ ಎಂದುಕೊಳ್ಳಬೇಕಾಗಿಲ್ಲ.

ನಿಯಮಗಳು ಸಿಗುವುದು ಸ್ಪಾಲ್ಡಿಂಗ್ ಕಂಪನಿ ವರ್ಷವರ್ಷ ಅಚ್ಚು ಹಾಕುತ್ತಿದ್ದ, ವಾಲ್ಟರ್ ಕ್ಯಾಂಪ್ ಸಂಪಾದಿಸುತ್ತಿದ್ದ ಕೈಪಿಡಿಯಲ್ಲಿ. ಅದು ಸೀಸನ್ ಶುರುವಾಗುವ ಮೊದಲೇ ಹೊರಬರುತ್ತಿತ್ತು. ಆದ್ದರಿಂದ 1901ರ ನಿಯಮಕ್ಕೆ 1901ರ ಕೈಪಿಡಿ, 1901ರ ಫಲಿತಾಂಶಕ್ಕೆ 1902ರ ಕೈಪಿಡಿ. ಎರಡನ್ನೂ ಒಂದರಲ್ಲೇ ಹುಡುಕಲು ಹೋದರೆ ಹಿಂದಿನ ವರ್ಷದ ಅಂಕಗಳು ಈ ವರ್ಷದ ಪಟ್ಟಿಗೆ ನುಸುಳುತ್ತವೆ. 1900ರಲ್ಲಿ ಮಿಷಿಗನ್ ಏಳು ಗೆದ್ದು, ಎರಡು ಸೋತು, ಒಂದನ್ನು ಸಮ ಮಾಡಿಕೊಂಡಿತ್ತು. ಪಟ್ಟಿಯಲ್ಲಿ ಸೋಲು ಕಾಣಿಸಿತೆಂದರೆ ತಪ್ಪು ಪುಸ್ತಕ ತೆರೆದಿದ್ದೇವೆ ಎಂದೇ ಅರ್ಥ.

ಪಟ್ಟಿ ಹಾಕುವುದು

ಹನ್ನೊಂದು ಪಂದ್ಯ ಹೀಗೆ ಬಂದವು. ಸೆಪ್ಟೆಂಬರ್ 28, ಆಲ್ಬಿಯನ್, 50–0. ಅಕ್ಟೋಬರ್ 5, ಕ್ಲೀವ್‌ಲೆಂಡಿನ ಕೇಸ್, 57–0. 12ಕ್ಕೆ ಇಂಡಿಯಾನಾ, 33–0. 19ಕ್ಕೆ ನಾರ್ತ್‌ವೆಸ್ಟರ್ನ್, 29–0. 26ಕ್ಕೆ ಬಫಲೊ, 128–0. ನವೆಂಬರ್ 2ರಂದು ಡೆಟ್ರಾಯಿಟ್‌ನಲ್ಲಿ ಕಾರ್ಲೈಲ್, 22–0. 9ರಂದು ಕೊಲಂಬಸ್‌ನಲ್ಲಿ ಒಹಾಯೊ ಸ್ಟೇಟ್, 21–0. 16ಕ್ಕೆ ಷಿಕಾಗೊ, 22–0. 23ಕ್ಕೆ ಬೆಲಾಯ್ಟ್, 89–0. 28ರಂದು ಷಿಕಾಗೊ ನಗರದಲ್ಲಿ ಅಯೋವಾ, 50–0. ಕೊನೆಯದು 1902ರ ಜನವರಿ 1, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಸ್ಟ್ಯಾನ್‌ಫರ್ಡ್, 49–0. ಉಳಿದವು ಆ್ಯನ್ ಆರ್ಬರ್‌ನ ರೀಜೆಂಟ್ಸ್ ಫೀಲ್ಡ್‌ನಲ್ಲಿ, ಮನೆಯಂಗಳದಲ್ಲೇ.

ಪಟ್ಟಿ ಹಾಕಿದ ಮೇಲೆ ಎರಡು ಸುಲಭದ ಪರೀಕ್ಷೆ ಮಾಡಿಕೊಳ್ಳಬೇಕು. ಒಂದು ಕೂಡಿಸುವುದು. ಅಯೋವಾವರೆಗಿನ ಹತ್ತು ಪಂದ್ಯಕ್ಕೆ 501, ಸ್ಟ್ಯಾನ್‌ಫರ್ಡ್ ಸೇರಿ 550. ಕೆಲವು ಕಡೆ 501 ಎಂದೂ ಕೆಲವು ಕಡೆ 550 ಎಂದೂ ಇರುವುದಕ್ಕೆ ಕಾರಣ ಇಷ್ಟೇ: ಕೊನೆಯ ಪಂದ್ಯ ಕ್ಯಾಲೆಂಡರಿನಲ್ಲಿ ಮುಂದಿನ ವರ್ಷಕ್ಕೆ ಬಿದ್ದಿದೆ. ಎರಡೂ ಸರಿ, ಆದರೆ ಯಾವುದು ಯಾವುದರದ್ದೆಂದು ಬರೆಯದೆ ಬಿಟ್ಟರೆ ತಪ್ಪು. ಎರಡನೆಯದು ವಾರ ನೋಡುವುದು. ಸೆಪ್ಟೆಂಬರ್ 28ರಿಂದ ನವೆಂಬರ್ 23ರವರೆಗೆ ಎಲ್ಲವೂ ಶನಿವಾರ. ನವೆಂಬರ್ 28 ಗುರುವಾರ, ಅಂದರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಕಾಲೇಜು ಸೀಸನ್‌ಗಳು ಸಾಮಾನ್ಯವಾಗಿ ಮುಗಿಯುತ್ತಿದ್ದದ್ದೇ ಆ ದಿನ. ಬೇರೆ ಯಾವುದೇ ತಂಡದ ಪಟ್ಟಿ ಮಾಡುವಾಗಲೂ ಪಂದ್ಯವೊಂದು ಭಾನುವಾರಕ್ಕೆ ಬಿದ್ದಿದೆ ಅನ್ನಿಸಿದರೆ, ಪಂದ್ಯದ ದಿನಾಂಕದ ಬದಲು ಪತ್ರಿಕೆಯ ದಿನಾಂಕ ಬರೆದುಕೊಂಡಿದ್ದೀರಿ. ಶನಿವಾರದ ಆಟ ಭಾನುವಾರದ ಪತ್ರಿಕೆಯಲ್ಲಿ ಬರುತ್ತದೆ. ಹಳೆಯ ಪಟ್ಟಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಪತ್ರಿಕೆಗಳಲ್ಲಿ ಹುಡುಕುವುದು ಬೇರೆಯೇ ಕಸರತ್ತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಳೆಯ ಪತ್ರಿಕೆಗಳ ದೊಡ್ಡ ಸಂಗ್ರಹವನ್ನು ಉಚಿತವಾಗಿ ತೆರೆದಿಟ್ಟಿದೆ. ಬೆಂಗಳೂರಿನಲ್ಲೋ ಶಿರಸಿಯಲ್ಲೋ ಕೂತು ನೋಡಬಹುದು. ಮಿಷಿಗನ್‌ನ ಕ್ರೀಡಾ ದಾಖಲೆಗಳು ಆ್ಯನ್ ಆರ್ಬರ್‌ನ ಬೆಂಟ್ಲಿ ಐತಿಹಾಸಿಕ ಗ್ರಂಥಾಲಯದಲ್ಲಿವೆ. ಆದರೆ ಹುಡುಕುವ ಪೆಟ್ಟಿಗೆಯಲ್ಲಿ ಏನು ಟೈಪ್ ಮಾಡುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಆಟದ ಹೆಸರನ್ನೇ ಆಗ ಎಷ್ಟೋ ಕಡೆ ಎರಡು ಪದವಾಗಿ ಬಿಡಿಸಿ ಬರೆಯುತ್ತಿದ್ದರು, ಕೂಡಿಸಿ ಹುಡುಕಿದರೆ ಅರ್ಧ ವರದಿ ತಪ್ಪಿಹೋಗುತ್ತದೆ. ‘ಕೇಸ್’ ಎಂದು ಹುಡುಕಿದಿರೋ, ಆ ವಾರದ ಕೋರ್ಟು ಕಚೇರಿ ಪ್ರಕರಣಗಳೆಲ್ಲ ಸಾಲುಗಟ್ಟಿ ಬರುತ್ತವೆ. ಆಟಗಾರರ ಹೆಸರುಗಳೋ ಇನ್ನೂ ಚಂದ: ಸ್ನೋ, ವೈಟ್, ವೀಕ್ಸ್, ಶಾರ್ಟ್ಸ್. ನವೆಂಬರ್ ತಿಂಗಳ ಮಿಷಿಗನ್ ಪತ್ರಿಕೆಯಲ್ಲಿ ‘ಸ್ನೋ’ ಹುಡುಕುವುದು ದೇವರಿಗೇ ಪ್ರೀತಿ. ಅಪರೂಪದ ಹೆಸರು ಹಿಡಿಯಬೇಕು, ಹೆಸ್ಟನ್, ಹೆರ್ನ್‌ಸ್ಟೈನ್, ಸ್ವೀಲಿ, ಮೆಗೂಗಿನ್ ಇಂಥವು. ಅವೂ ಒಂದೊಂದು ಪತ್ರಿಕೆಯಲ್ಲಿ ಒಂದೊಂದು ಕಾಗುಣಿತ. ಒಂದು ಅಕ್ಷರ ಬಿಟ್ಟು, ಒಂದು ಸೇರಿಸಿ ಮತ್ತೆ ಮತ್ತೆ ಹುಡುಕಬೇಕು. ಎದುರಾಳಿಗಳ ಅಡ್ಡಹೆಸರುಗಳನ್ನೂ ಹಾಕಿ ನೋಡಬೇಕು. ಕಾರ್ಲೈಲ್ ಅನ್ನು ಪತ್ರಿಕೆಗಳು ‘ಇಂಡಿಯನ್ಸ್’ ಎಂದೇ ಕರೆದವು. ಅದು ಅಮೆರಿಕ ಸರ್ಕಾರ ಮೂಲನಿವಾಸಿ ಮಕ್ಕಳಿಗಾಗಿ ಪೆನ್ಸಿಲ್ವೇನಿಯಾದಲ್ಲಿ ನಡೆಸುತ್ತಿದ್ದ ಶಾಲೆ, ಆಗ ಅದರ ಕೋಚ್ ಪಾಪ್ ವಾರ್ನರ್. ಷಿಕಾಗೊ ತಂಡವನ್ನು ಅದರ ಕೋಚ್ ಏಮೋಸ್ ಅಲೊಂಜೊ ಸ್ಟ್ಯಾಗ್ ಹೆಸರಿನಿಂದ ಹುಡುಕಿದರೆ ಬೇಗ ಸಿಗುತ್ತದೆ.

ಯಂತ್ರದಿಂದ ಓದಿಸಿದ ಪಠ್ಯವನ್ನು ಅಂಕಗಳಿಗೆ ನಂಬಬಾರದು. ಮಸುಕಾದ ಅಚ್ಚಿನಲ್ಲಿ 3 ಹೋಗಿ 8 ಆಗುತ್ತದೆ, 5 ಹೋಗಿ 6 ಆಗುತ್ತದೆ. ಅಂಕ ಯಾವತ್ತೂ ಪುಟದ ಚಿತ್ರದಿಂದಲೇ ಬರೆದುಕೊಳ್ಳಬೇಕು.

ಅಂಕ ಬಿಡಿಸುವುದು

ಇಡೀ ಕೆಲಸದಲ್ಲಿ ರುಚಿಯಾದ ಭಾಗ ಇದು. ಸೇಫ್ಟಿಯನ್ನು ಬದಿಗಿಟ್ಟರೆ ಒಂದು ತಂಡದ ಅಂಕ 5ರ ತುಂಡುಗಳಿಂದಲೂ 1ರ ತುಂಡುಗಳಿಂದಲೂ ಆಗಿರುತ್ತದೆ. 1ರ ತುಂಡು ಟಚ್‌ಡೌನ್ ನಂತರವೇ ಬರುವುದರಿಂದ ಅದು 5ರ ತುಂಡುಗಳಿಗಿಂತ ಹೆಚ್ಚಾಗಲಾರದು. ಅಂದರೆ ಅಂಕವನ್ನು 6ರಿಂದ ಭಾಗಿಸಿ, ಶೇಷ ಉಳಿದರೆ ಮೇಲಿನ ಸಂಖ್ಯೆಗೆ ಏರಿಸಿದರೆ ಕನಿಷ್ಠ ಎಷ್ಟು ಸಲ ಐದು ಬಂದಿರಬೇಕೆಂದು ತಿಳಿಯುತ್ತದೆ.

ಬಫಲೊ ಪಂದ್ಯ ತೆಗೆದುಕೊಳ್ಳಿ. 128. ಇಪ್ಪತ್ತೊಂದು ಟಚ್‌ಡೌನ್, ಅಷ್ಟಕ್ಕೂ ಗೋಲು ಎಂದುಕೊಂಡರೂ 126 ಮಾತ್ರ. ಹಾಗಾಗಿ ಕನಿಷ್ಠ 22. 22ಕ್ಕೆ 110, ಜೊತೆಗೆ 18 ಗೋಲು, 128 ಸರಿಹೋಯಿತು. 23 ಮತ್ತು 13, 24 ಮತ್ತು 8, 25 ಮತ್ತು 3 ಕೂಡ ಲೆಕ್ಕಕ್ಕೆ ಕೂಡುತ್ತವೆ. ವರದಿಯಲ್ಲಿ ಹೆಸರುಗಳ ಮುಂದಿರುವ ಟಚ್‌ಡೌನ್, ಫೀಲ್ಡ್ ಗೋಲುಗಳನ್ನು ಕೂಡಿಸಿದಾಗ 22ಕ್ಕಿಂತ ಕಡಿಮೆ ಬಂದರೆ ಯಾರದೋ ಹೆಸರು ಬಿಟ್ಟುಹೋಗಿದೆ. 25ಕ್ಕಿಂತ ಹೆಚ್ಚು ಬಂದರೆ ಯಾರದೋ ಎರಡು ಸಲ ಬಂದಿದೆ. ಪತ್ರಿಕೆಯ ಮಾತು ಹಿಡಿಯುವ ಮುನ್ನ ಈ ಕಟ್ಟು ಹಾಕಿಕೊಂಡರೆ ಮುಂದಿನ ಕೆಲಸ ಹಗುರ.

ಬೆಲಾಯ್ಟ್ ಎದುರಿನ 89ರಲ್ಲೂ ಹೀಗೇ. ಕನಿಷ್ಠ 15. ಹದಿನೈದಕ್ಕೆ 75, ಉಳಿದ 14 ಗೋಲು. ಅಷ್ಟೇ ಟಚ್‌ಡೌನ್ ಆಗಿದ್ದರೆ ಒದೆಯುವವನು ಒಂದೇ ಒಂದು ತಪ್ಪಿಸಿದ್ದಾನೆ. ನಾರ್ತ್‌ವೆಸ್ಟರ್ನ್ 29ಕ್ಕೆ ಐದು, ಅದರಲ್ಲೂ ಒಂದೇ ತಪ್ಪು. ಆದರೆ ಷಿಕಾಗೊ, ಕಾರ್ಲೈಲ್ ಎದುರಿನ 22ಕ್ಕೆ ನಾಲ್ಕು ಐದು, ಎರಡು ಒಂದು. ಒಹಾಯೊ ಸ್ಟೇಟ್ 21ಕ್ಕೆ ನಾಲ್ಕು ಐದು, ಒಂದೇ ಒಂದು. ಕಠಿಣ ಪಂದ್ಯಗಳಲ್ಲಿ ಟಚ್‌ಡೌನ್ ಮಾತ್ರವಲ್ಲ, ಅದರ ನಂತರದ ಗೋಲೂ ಕಡಿಮೆ. ಇದು ಕಾಕತಾಳೀಯ ಅಲ್ಲ ಎಂದು ನಮ್ಮ ಅಂದಾಜು. ಕಾರಣ ನಿಯಮದಲ್ಲಿದೆ.

ಆಗ ಟಚ್‌ಡೌನ್ ಆದಮೇಲೆ ಚೆಂಡನ್ನು ಕಂಬಗಳ ಮುಂದಿಟ್ಟು ಒದೆಯುವ ಸೌಕರ್ಯ ಇರಲಿಲ್ಲ. ಚೆಂಡು ಗೋಲು ಗೆರೆಯಾಚೆ ಎಲ್ಲಿ ನೆಲ ಮುಟ್ಟಿತೋ ಅಲ್ಲಿಂದ ನೇರವಾಗಿ ಮೈದಾನದೊಳಕ್ಕೆ ತಂದು, ಆ ನೇರದಲ್ಲೇ ಬೇಕಾದಷ್ಟು ಹಿಂದೆ ಹೋಗಿ ಒದೆಯಬೇಕು. ಮೂಲೆಯಲ್ಲಿ ಟಚ್‌ಡೌನ್ ಆದರೆ ಕೋನ ತೀರ ಇಕ್ಕಟ್ಟು. ಅದಕ್ಕೊಂದು ಪರ್ಯಾಯ ಇತ್ತು: ಒಬ್ಬ ಗೋಲು ಗೆರೆಯಿಂದ ಚೆಂಡನ್ನು ಮೈದಾನದೊಳಗೆ ನಿಂತ ತನ್ನವರ ಕಡೆಗೆ ಒದೆಯುವುದು, ತನ್ನವನೊಬ್ಬ ಕಂಬಗಳ ಎದುರು ಅದನ್ನು ನೆಲಕ್ಕೆ ಬೀಳದಂತೆ ಹಿಡಿಯುವುದು, ಹಿಡಿದರೆ ಆ ಜಾಗದಿಂದ ಗೋಲಿಗೆ ಒದೆಯುವುದು. ಹಿಡಿತ ತಪ್ಪಿದರೆ ಗೋಲಿನ ಅವಕಾಶವೇ ಹೋಯಿತು. ವರದಿಯಲ್ಲಿ ‘ಪಂಟ್‌ಔಟ್ ಕೈತಪ್ಪಿತು’ ಎಂದು ಬಂದರೆ ಇದೇ. ದುರ್ಬಲ ತಂಡದ ಎದುರು ಓಡುವವನಿಗೆ ಗೆರೆ ದಾಟಿದ ಮೇಲೂ ಬಿಡುವಿರುತ್ತದೆ. ಕಂಬಗಳ ಹಿಂದಕ್ಕೆ ಸುತ್ತಿ ಬಂದು ಚೆಂಡು ಮುಟ್ಟಿಸುತ್ತಾನೆ, ಗೋಲು ಸಲೀಸು. ಷಿಕಾಗೊದಂಥ ತಂಡದ ಎದುರು ಗೆರೆ ದಾಟಿದರೆ ಸಾಕಪ್ಪಾ ಎನ್ನುವ ಸ್ಥಿತಿ, ಬಿದ್ದ ಮೂಲೆಯಲ್ಲೇ ಮುಟ್ಟಿಸುತ್ತಾನೆ.

ಹನ್ನೊಂದೂ ಪಂದ್ಯಕ್ಕೆ ಈ ಕನಿಷ್ಠ ಲೆಕ್ಕ ಹಾಕಿದರೆ 97 ಬರುತ್ತದೆ. ಅಂದರೆ ಸೇಫ್ಟಿ ಇಲ್ಲವೆಂದುಕೊಂಡರೆ 550ರಲ್ಲಿ ಕನಿಷ್ಠ 485 ಐದರ ತುಂಡುಗಳಿಂದ. ಇಂದಿನ ಬೆಲೆಗೆ ಬದಲಿಸಿ ‘ಈಗಾಗಿದ್ದರೆ ಇಷ್ಟಾಗುತ್ತಿತ್ತು’ ಎಂದು ಬರೆಯುವ ಆಸೆ ಎಲ್ಲರಿಗೂ ಹುಟ್ಟುತ್ತದೆ. 22 ಟಚ್‌ಡೌನ್, 18 ಗೋಲು ಎಂದು ಹಿಡಿದರೆ ಬಫಲೊ ಪಂದ್ಯ 150–0 ಆಗುತ್ತದೆ, ನಿಜ. ಆದರೆ ಫೀಲ್ಡ್ ಗೋಲಿಗೆ ಐದು ಅಂಕ ಸಿಗುತ್ತಿದ್ದ ಕಾಲದಲ್ಲಿ ತಂಡ ತೆಗೆದುಕೊಂಡ ತೀರ್ಮಾನವೇ ಬೇರೆ. ಬೆಲೆ ಬದಲಿಸಿದರೆ ತೀರ್ಮಾನವೂ ಬದಲಾಗಬೇಕಲ್ಲ. ನಮ್ಮ ಪಟ್ಟಿಯಲ್ಲಿ ಆ ಕಾಲಂ ಇಡಲಿಲ್ಲ.

ಇಷ್ಟು ದೊಡ್ಡ ಅಂಕ ಹೇಗಾಯಿತು ಎಂಬುದಕ್ಕೆ ಇನ್ನೊಂದು ನಿಯಮ ನೋಡಬೇಕು. ಅಂಕ ಬಿಟ್ಟುಕೊಟ್ಟ ತಂಡವೇ ನಡುಗೆರೆಯಿಂದ ಚೆಂಡು ಒದ್ದು ಆಟ ಮುಂದುವರಿಸಬೇಕಿತ್ತು. ಟಚ್‌ಡೌನ್ ಮಾಡಿದವರ ಕೈಗೇ ಮತ್ತೆ ಚೆಂಡು. ಹೊಡೆಸಿಕೊಂಡವರಿಗೆ ಚೆಂಡು ಮುಟ್ಟುವ ಸರದಿಯೇ ಬರುವುದಿಲ್ಲ. ಇಂದು ಇದು ತಿರುಗುಮುರುಗು: ಅಂಕ ಗಳಿಸಿದವರೇ ಒದೆಯುತ್ತಾರೆ. ಬಫಲೊ ಹುಡುಗರು ಆ ಮಧ್ಯಾಹ್ನ ಮಾಡಿದ್ದರಲ್ಲಿ ಹೆಚ್ಚಿನದು ಚೆಂಡನ್ನು ಮಿಷಿಗನ್‌ಗೆ ಒದ್ದು ಕೊಡುವುದೇ ಆಗಿತ್ತು ಎನ್ನಬೇಕು.

ನಿಮಿಷದ ಲೆಕ್ಕ

ಈ ತಂಡಕ್ಕೆ ಅಂಟಿಕೊಂಡ ಹೆಸರು ‘ನಿಮಿಷಕ್ಕೊಂದು ಅಂಕ’. ನಿಯಮದ ಪ್ರಕಾರ ಪಂದ್ಯ 70 ನಿಮಿಷ, 35ರ ಎರಡು ಭಾಗ. ಹನ್ನೊಂದು ಪಂದ್ಯಕ್ಕೆ 770 ನಿಮಿಷ. 550ನ್ನು 770ರಿಂದ ಭಾಗಿಸಿದರೆ ನಿಮಿಷಕ್ಕೆ 0.71. ಹೆಸರು ಸುಳ್ಳೇ? ಅಲ್ಲ. ಪೂರ್ತಿ 70 ನಿಮಿಷ ಆಡುತ್ತಿದ್ದದ್ದು ದೊಡ್ಡ ಪಂದ್ಯಗಳಲ್ಲಿ ಮಾತ್ರ. ಉಳಿದ ಕಡೆ ನಾಯಕರಿಬ್ಬರೂ ಒಪ್ಪಿ ಅವಧಿ ಮೊಟಕು ಮಾಡುತ್ತಿದ್ದರು: ಸೀಸನ್ ಆರಂಭ, ಆಟಗಾರರಿಗೆ ಇನ್ನೂ ಕಸುವು ಬಂದಿಲ್ಲ, ಇಲ್ಲವೆ ರೈಲಿಗೆ ಹೊತ್ತಾಯಿತು, ಇಲ್ಲವೆ ಕತ್ತಲಾಯಿತು. ಎರಡು ಭಾಗ ಸಮನಾಗಿರಬೇಕೆಂದೂ ಇಲ್ಲ. ಮೊದಲರ್ಧ ಮುಗಿದು ಅಂಕ ಏರಿದ ಮೇಲೆ ಎರಡನೆಯದನ್ನು ಮತ್ತಷ್ಟು ಕಿರಿದು ಮಾಡುತ್ತಿದ್ದರು.

ಹಾಗಾಗಿ ಪ್ರತಿ ವರದಿಯ ತುದಿಯಲ್ಲಿರುವ ಸಣ್ಣಕ್ಷರದ ಸಾಲು ಬಿಡಬಾರದು. ಅದರಲ್ಲಿ ಟಚ್‌ಡೌನ್ ಮಾಡಿದವರು, ಗೋಲು ಒದ್ದವರು, ರೆಫ್ರಿ, ಅಂಪೈರ್, ಲೈನ್ಸ್‌ಮನ್, ಕೊನೆಗೆ ‘ಅರ್ಧಗಳ ಅವಧಿ’ ಎಂದು ಇರುತ್ತದೆ. ಆ ಕೊನೆಯ ಸಂಖ್ಯೆ ಇಲ್ಲದೆ ಎರಡು ಪಂದ್ಯ ಹೋಲಿಸುವುದು ವ್ಯರ್ಥ. ಒಂದೇ ಅಂಕ ಒಂದು ಕಡೆ 70 ನಿಮಿಷದ್ದಾಗಿರಬಹುದು, ಇನ್ನೊಂದು ಕಡೆ 40 ನಿಮಿಷದ್ದು. ನಿಮಿಷಕ್ಕೊಂದು ಅಂಕ ಸರಿಹೋಗಬೇಕಾದರೆ 1901ರಲ್ಲಿ ಪಂದ್ಯದ ಸರಾಸರಿ ಅವಧಿ 50 ನಿಮಿಷ ಆಗಬೇಕು. ಆ ಕಾಲದ ರೂಢಿಗೆ ಅದು ಅಸಂಭವವೇನಲ್ಲ. 1901ರಿಂದ 1905ರವರೆಗಿನ ಐದು ಸೀಸನ್ ಸೇರಿಸಿದರೆ ಮಿಷಿಗನ್ ಆಡಿದ್ದು 57 ಪಂದ್ಯ, 55 ಗೆಲುವು, ಒಂದು ಸಮ, ಒಂದು ಸೋಲು. ಗಳಿಸಿದ್ದು 2,821, ಕೊಟ್ಟದ್ದು 42. ಭಾಗಿಸಿ ನೋಡಿ, ಪಂದ್ಯಕ್ಕೆ 49.5. ಮತ್ತೆ ಅದೇ ಐವತ್ತರ ಹತ್ತಿರ. ಆ ಒಂದು ಸೋಲು 1905ರ ಕೊನೆಯ ಪಂದ್ಯ, ಷಿಕಾಗೊ ಎದುರು 2–0. ಇಡೀ ಪಂದ್ಯಕ್ಕೆ ಬಂದದ್ದು ಒಂದೇ ಒಂದು ಸೇಫ್ಟಿ.

ವೇಗಕ್ಕೆ ಕಾರಣ ಕೋಚ್ ಫೀಲ್ಡಿಂಗ್ ಯೋಸ್ಟ್. 1901 ಆತನಿಗೆ ಮಿಷಿಗನ್‌ನಲ್ಲಿ ಮೊದಲ ವರ್ಷ. ಆಟಗಾರರು ರಾಶಿಯಿಂದ ಎದ್ದು ನಿಲ್ಲುವ ಮೊದಲೇ ಕ್ವಾರ್ಟರ್‌ಬ್ಯಾಕ್ ವೀಕ್ಸ್ ಮುಂದಿನ ಆಟದ ಸಂಕೇತ ಕೂಗಲು ಶುರು ಮಾಡುತ್ತಿದ್ದ. ಗುಂಪುಗೂಡಿ ಪಿಸುಗುಟ್ಟುವ ಪದ್ಧತಿ ಇನ್ನೂ ರೂಢಿಯಾಗಿರಲಿಲ್ಲ. ಇದು ದೇಹದ ಕಸುವಿನ ಆಟ: ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರುವಂತಿಲ್ಲ, ದಾಳಿಗೂ ರಕ್ಷಣೆಗೂ ಅದೇ ಹನ್ನೊಂದು ಜನ. ಎದುರಾಳಿ ಉಸಿರು ಹಿಡಿಯುವ ಹೊತ್ತಿಗೆ ಇನ್ನೊಂದು ಆಟ ಬಂದು ಬೀಳುತ್ತದೆ. ಈ ಸೀಸನ್ನಿನ ಗೆಲುವಿನಲ್ಲಿ ಯೋಸ್ಟ್‌ನ ತಂತ್ರಕ್ಕೆ ಎಷ್ಟು ಪಾಲೋ, ತಂಡವನ್ನು ಆ ಓಟಕ್ಕೆ ಅಣಿಮಾಡಿದ ತರಬೇತುದಾರ ಕೀನ್ ಫಿಟ್ಜ್‌ಪ್ಯಾಟ್ರಿಕ್‌ಗೂ ಅಷ್ಟೇ ಪಾಲು ಕೊಡಬೇಕು. ಹೆಸರು ಮಾತ್ರ ಯೋಸ್ಟ್‌ಗೆ ಹೋಯಿತು.

ಯಾರು ಎಲ್ಲಿ ನಿಂತರು

ಆಟಗಾರರ ಪಟ್ಟಿ ಪತ್ರಿಕೆಯಲ್ಲಿ ಮೂರು ಕಾಲಂನಲ್ಲಿ ಇರುತ್ತದೆ. ಎಡಕ್ಕೆ ಒಂದು ತಂಡ, ಬಲಕ್ಕೆ ಇನ್ನೊಂದು, ನಡುವೆ ಸ್ಥಾನ. ಇಲ್ಲೊಂದು ಗುಂಡಿ ಇದೆ. ತಂಡಗಳು ಎದುರುಬದುರು ನಿಲ್ಲುವುದರಿಂದ ಒಂದು ತಂಡದ ಎಡ ತುದಿಯವನ ಎದುರು ಇನ್ನೊಂದರ ಬಲ ತುದಿಯವನು ಇರುತ್ತಾನೆ, ಪತ್ರಿಕೆ ಅದೇ ಕ್ರಮದಲ್ಲಿ ಅಚ್ಚು ಹಾಕುತ್ತದೆ. ಕೆಲವು ಪತ್ರಿಕೆಗಳು ನಡುವೆ ಎರಡೂ ಸ್ಥಾನ ಹಾಕುತ್ತವೆ, ಕೆಲವು ಒಂದನ್ನೇ. ಒಂದನ್ನೇ ಹಾಕಿದ್ದರೆ ಬಲಗಡೆಯ ತಂಡದ ಎಲ್ಲರನ್ನೂ ಎಡಬಲ ತಿರುಗಿಸಿ ಬರೆದುಕೊಳ್ಳಬೇಕು. ಮಿಷಿಗನ್ ಯಾವ ಬದಿಯ ಕಾಲಂನಲ್ಲಿದೆ ಎಂದು ಮೊದಲು ನೋಡದಿದ್ದರೆ ಒಬ್ಬನೇ ಆಟಗಾರ ಒಂದು ವಾರ ಎಡ ಟ್ಯಾಕಲ್, ಮುಂದಿನ ವಾರ ಬಲ ಟ್ಯಾಕಲ್ ಆಗಿ ಜಿಗಿದಾಡುತ್ತಾನೆ.

ಅಂಗಿಯ ಮೇಲೆ ಸಂಖ್ಯೆ ಇರಲಿಲ್ಲ. ಎಲ್ಲರಿಗೂ ಒಂದೇ ಬಗೆಯ ಕ್ಯಾನ್ವಾಸ್, ಒಂದೇ ಕೆಸರು. ಹತ್ತು ಜನರ ರಾಶಿಯ ಕೆಳಗೆ ಚೆಂಡು ಹಿಡಿದವನು ಯಾರೆಂದು ಹಲಗೆಯ ಮೇಲೆ ಕೂತ ವರದಿಗಾರ ಹೇಗೆ ಹೇಳಿಯಾನು? ಹಾಗಾಗಿ ಒಂದೇ ಟಚ್‌ಡೌನ್ ಒಂದು ಪತ್ರಿಕೆಯಲ್ಲಿ ಸ್ನೋ ಹೆಸರಿಗೂ ಇನ್ನೊಂದರಲ್ಲಿ ಹೆಸ್ಟನ್ ಹೆಸರಿಗೂ ಬಂದಿದ್ದರೆ ಆಶ್ಚರ್ಯಪಡಬೇಕಿಲ್ಲ. ಇಂಥ ಕಡೆ ನಾವು ನಡೆದುಕೊಂಡ ರೀತಿ ಇಷ್ಟು: ಆಟದ ವಿವರವನ್ನು ಕ್ರಮವಾಗಿ ಬರೆದ ವರದಿಗೆ ಮೊದಲ ಮನ್ನಣೆ, ಬರೀ ಕೊನೆಯ ಸಾಲು ಕೊಟ್ಟದ್ದಕ್ಕೆ ಆಮೇಲೆ, ತಂಡದ ಊರಿನ ಪತ್ರಿಕೆಗೆ ಹೆಸರಿನ ವಿಷಯದಲ್ಲಿ ಹೆಚ್ಚು ತೂಕ, ಅವರಿಗೆ ಹುಡುಗರ ಮುಖ ಗೊತ್ತು, ತಂತಿಯಲ್ಲಿ ಬಂದ ಸುದ್ದಿಗೆ ಅಂಕದ ವಿಷಯದಲ್ಲಿ ಮಾತ್ರ ನಂಬಿಕೆ. ಎರಡೂ ಸಮ ತೂಗಿದರೆ ಎರಡನ್ನೂ ಬರೆದು ಬಿಡುವುದು. ವರದಿಗಾರರ ಕವಿತ್ವಕ್ಕೆ ಮಾತ್ರ ಯಾವ ತೂಕವೂ ಇಲ್ಲ. ಪ್ರತಿ ಓಟವೂ ಅವರಿಗೆ ಮಿಂಚಿನ ಓಟವೇ.

ಆಟಗಾರರ ಹಿನ್ನೆಲೆ ಬರೆಯುವಾಗ ಇಂದಿನ ಅರ್ಹತಾ ನಿಯಮ ಮರೆಯಬೇಕು. ಬೇರೆ ಕಾಲೇಜಿನಲ್ಲಿ ಆಡಿ ಬಂದವರು, ಕಾನೂನು ಓದಲು ಸೇರಿದವರು ನೇರವಾಗಿ ತಂಡಕ್ಕೆ ಇಳಿಯಬಹುದಿತ್ತು. ಡ್ಯಾನ್ ಮೆಗೂಗಿನ್ ಡ್ರೇಕ್ ಕಾಲೇಜಿನಿಂದ ಬಂದವನು. ವಿಲ್ಲಿ ಹೆಸ್ಟನ್ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಾರ್ಮಲ್ ಶಾಲೆಯವನು. ಯೋಸ್ಟ್ 1900ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೋಚ್ ಆಗಿದ್ದಾಗ ಕಣ್ಣಿಗೆ ಬಿದ್ದವನು.

ಪ್ಯಾಸಡೀನಾ ಪಂದ್ಯಕ್ಕೆ ಮಾತ್ರ ಪಟ್ಟಿ ತೊಡಕಿಲ್ಲದ್ದು, ಯಾಕೆಂದರೆ ಮಿಷಿಗನ್ ಒಬ್ಬನನ್ನೂ ಬದಲಿಸಲಿಲ್ಲ. ರೆಡನ್, ನಾಯಕ ಹ್ಯೂ ವೈಟ್, ಮೆಗೂಗಿನ್, ಗ್ರೆಗರಿ, ವಿಲ್ಸನ್, ಶಾರ್ಟ್ಸ್, ಹೆರ್ನ್‌ಸ್ಟೈನ್, ವೀಕ್ಸ್, ಹೆಸ್ಟನ್, ಸ್ವೀಲಿ, ಸ್ನೋ. ಈ ಹನ್ನೊಂದು ಜನರೇ ಮೊದಲಿಂದ ಕೊನೆಯವರೆಗೆ. ಹಿಮದ ನಾಡಿನಿಂದ ರೈಲಿನಲ್ಲಿ ಬಂದು ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಆಡಿದರು. ಅರ್ಧಕ್ಕೆ 17–0. ನೀಲ್ ಸ್ನೋ ಒಬ್ಬನೇ ಐದು ಟಚ್‌ಡೌನ್ ಮಾಡಿದ. ಎಂಟು ನಿಮಿಷ ಬಾಕಿ ಇರುವಾಗ ಸ್ಟ್ಯಾನ್‌ಫರ್ಡ್ ನಾಯಕ ಕೇಳಿಕೊಂಡ ಮೇರೆಗೆ ಆಟ ನಿಂತಿತು. ಅವರ ಬಳಿ ನಿಲ್ಲಬಲ್ಲ ಆಟಗಾರರೇ ಉಳಿದಿರಲಿಲ್ಲ. ಯೋಸ್ಟ್‌ಗೆ ಇದು ತಾನು ಒಂದು ವರ್ಷದ ಹಿಂದೆ ಕಲಿಸಿದ ತಂಡದ ಎದುರೇ ಆಡಿಸಿದ ಪಂದ್ಯ.

ಇದನ್ನು ಹುಡುಕುವವರಿಗೊಂದು ಸೂಚನೆ. ಇಂದು ಎಲ್ಲರೂ ಇದನ್ನು ಮೊದಲ ರೋಸ್ ಬೌಲ್ ಎನ್ನುತ್ತಾರೆ, ಆದರೆ 1902ರ ಪತ್ರಿಕೆಯಲ್ಲಿ ಆ ಹೆಸರು ಹುಡುಕಿದರೆ ಏನೂ ಸಿಗುವುದಿಲ್ಲ. ಆ ಹೆಸರಿನ ಕ್ರೀಡಾಂಗಣ ಕಟ್ಟಿದ್ದೇ 1922ರಲ್ಲಿ. ಪಂದ್ಯ ನಡೆದದ್ದು ಟೂರ್ನಮೆಂಟ್ ಪಾರ್ಕ್‌ನಲ್ಲಿ, ಹೊಸ ವರ್ಷದ ಹೂವಿನ ಮೆರವಣಿಗೆಯ ಭಾಗವಾಗಿ. ಪಂದ್ಯ ಇಷ್ಟು ಏಕಪಕ್ಷೀಯವಾಗಿದ್ದರಿಂದ ಸಂಘಟಕರು ಮುಂದಿನ ವರ್ಷಗಳಲ್ಲಿ ಫುಟ್‌ಬಾಲ್ ಕೈಬಿಟ್ಟು ರಥದ ಓಟದಂಥವಕ್ಕೆ ಹೋದರು. ಅಲ್ಲಿಗೆ ಫುಟ್‌ಬಾಲ್ ಮತ್ತೆ ಬಂದದ್ದು 1916ರಲ್ಲಿ.

ಪಟ್ಟಿಯ ತಲೆಗೆ ‘ರಾಷ್ಟ್ರೀಯ ಚಾಂಪಿಯನ್’ ಎಂದು ಬರೆಯುವ ಮುನ್ನ ಸ್ವಲ್ಪ ತಡೆಯಬೇಕು. 1901ರಲ್ಲಿ ಅಂಥ ಪಟ್ಟ ಕೊಡುವವರು ಯಾರೂ ಇರಲಿಲ್ಲ. ಹೆಲ್ಮ್ಸ್ ಪ್ರತಿಷ್ಠಾನ ಮುಂತಾದವು ದಶಕಗಳ ಮೇಲೆ ಹಿಂದಕ್ಕೆ ನೋಡಿ ಕೊಟ್ಟ ಪಟ್ಟ ಅದು. ಅದೇ ವರ್ಷ ಹಾರ್ವರ್ಡ್ 12 ಪಂದ್ಯ ಆಡಿ 12ನ್ನೂ ಗೆದ್ದಿತ್ತು, ಇಬ್ಬರೂ ಎದುರಾಗಲೇ ಇಲ್ಲ. ತಾನು ಸೇರಿದ್ದ ಕಾಲೇಜುಗಳ ಕೂಟ ವೆಸ್ಟರ್ನ್ ಕಾನ್ಫರೆನ್ಸ್ ಒಳಗೂ ಮಿಷಿಗನ್ ಒಬ್ಬಂಟಿಯಲ್ಲ: ವಿಸ್ಕಾನ್ಸಿನ್ ಕೂಡ ಸೋಲದೆ ಮುಗಿಸಿತ್ತು, ಪಟ್ಟ ಹಂಚಿಕೆಯಾಯಿತು. ಈ ಎರಡು ತಂಡಗಳೂ ಆ ವರ್ಷ ಎದುರಾಗಲಿಲ್ಲ. ಪಟ್ಟದ ಕಾಲಂನಲ್ಲಿ ಯಾರು, ಯಾವಾಗ ಕೊಟ್ಟರು ಎಂಬುದನ್ನೂ ಸೇರಿಸಿ ಬರೆದರೆ ಜಗಳ ಕಡಿಮೆ.

ಸೀಸನ್ನಿನ ಇನ್ನೊಂದು ಮುಖವನ್ನು ಅಂಕಪಟ್ಟಿ ತೋರಿಸುವುದಿಲ್ಲ. ಕೊಲಂಬಸ್‌ನಲ್ಲಿ ಮಿಷಿಗನ್ ಎದುರು ನಿಂತ ಒಹಾಯೊ ಸ್ಟೇಟ್ ತಂಡ ಕೆಲವೇ ದಿನಗಳ ಹಿಂದೆ ತನ್ನ ಸೆಂಟರ್ ಆಟಗಾರ ಜಾನ್ ಸೀಗ್ರಿಸ್ಟ್‌ನನ್ನು ಕಳೆದುಕೊಂಡಿತ್ತು. ವೆಸ್ಟರ್ನ್ ರಿಸರ್ವ್ ಎದುರಿನ ಪಂದ್ಯದಲ್ಲಿ ಬಿದ್ದ ಪೆಟ್ಟು ಅವನ ಜೀವ ತೆಗೆಯಿತು. ಆ 21–0 ಓದುವಾಗ ಎದುರು ಎಂಥ ತಂಡ ಇತ್ತೆಂಬುದೂ ತಿಳಿದಿರಬೇಕು. ನೂಕಾಟ, ಎಳೆದಾಟ, ತಲೆಗೆ ಕಡ್ಡಾಯ ರಕ್ಷಣೆ ಇಲ್ಲದಿರುವುದು, ಬದಲಿ ಆಟಗಾರರ ಬಿಗಿ ನಿಯಮ ಎಲ್ಲ ಸೇರಿ ಇಂಥ ಸಾವುಗಳಾಗುತ್ತಿದ್ದವು. 1905ರ ನಂತರ ನಿಯಮ ಬದಲಾಗಲು ಒತ್ತಡ ಬಂದದ್ದೂ ಇದರಿಂದಲೇ.

1906ರಿಂದ ಮೂರು ಪ್ರಯತ್ನಕ್ಕೆ 10 ಗಜ, ಪಂದ್ಯಕ್ಕೆ 60 ನಿಮಿಷ, ಫಾರ್ವರ್ಡ್ ಪಾಸ್‌ಗೆ ಅನುಮತಿ. ವೆಸ್ಟರ್ನ್ ಕಾನ್ಫರೆನ್ಸ್ ತನ್ನ ಕಡೆಯಿಂದ ಸೀಸನ್ನಿಗೆ ಐದೇ ಪಂದ್ಯ ಎಂದು ಮಿತಿ ಹಾಕಿತು. ಆ ವರ್ಷ ಮಿಷಿಗನ್ ನಾಲ್ಕು ಗೆದ್ದು ಒಂದು ಸೋತಿತು. 1901ಕ್ಕೆಂದು ಮಾಡಿದ ಪಟ್ಟಿಯ ಕಾಲಂಗಳು ಅಲ್ಲಿಗೆ ಕೆಲಸಕ್ಕೆ ಬರುವುದಿಲ್ಲ. ಪಾಸ್ ಎಸೆದವನು, ಹಿಡಿದವನು, ನೆಲಕ್ಕೆ ಬಿದ್ದು ಎದುರಾಳಿಗೆ ಹೋದದ್ದು, ಇವಕ್ಕೆಲ್ಲ ಹೊಸ ಕಾಲಂ ಬೇಕು. ಫೀಲ್ಡ್ ಗೋಲಿನ ಬೆಲೆಯನ್ನು 4ಕ್ಕೆ ತಿದ್ದಬೇಕು, 6ರಿಂದ ಭಾಗಿಸುವ ಪರೀಕ್ಷೆಗೆ ಆ 4ನ್ನೂ ಸೇರಿಸಿ ಹೊಸದಾಗಿ ಲೆಕ್ಕ ಕಟ್ಟಬೇಕು.